ಅಪ್ಪನ ಎದುರಾಳಿ

ನನ್ನ ಗಂಡನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಗೆಳೆಯರ ಜೊತೆ ಅಲೆಯುವ ಚಟವಿಲ್ಲ. ನಮ್ಮತ್ತೆ ಇದನ್ನು ಬಂದವರ ಮುಂದೆಲ್ಲ ಹೇಳಿಕೊಂಡು ಬೀಗುತ್ತಾರೆ. ಅವರು ನಮ್ಮ ಮನೆಯ ಹಿಂದಿನ ಕೋಣೆಗೆ ಇನ್ನೂ ಕಾಲಿಟ್ಟಿಲ್ಲ, ಅದಕ್ಕೇ. ಜಗತ್ತು ಎಂದೋ ಕೈಬಿಟ್ಟ ಕಂಪ್ಯೂಟರುಗಳು ಅಲ್ಲಿ ಹಳದಿ ತಿರುಗಿದ ಮೈ ಹೊತ್ತು ಸಾಲಾಗಿ ಕೂತಿವೆ. ಅವುಗಳಿಗೆ ಹೊಸ ಚಿಪ್ ಕೂರಿಸುವುದು, ಮೆಮರಿ ಹೆಚ್ಚಿಸುವುದು, ತಯಾರಿಸಿದವರು ಇಷ್ಟೇ ಸಾಕು ಎಂದ ವೇಗಕ್ಕಿಂತ ಜೋರಾಗಿ ಓಡಿಸುವುದು, ಆಮೇಲೆ ಸುಟ್ಟುಹೋದೀತೆಂದು ಫ್ಯಾನು ಕಟ್ಟಿ ಕಾಯುವುದು, ಇದೇ ನನ್ನ ಗಂಡನ ಹವ್ಯಾಸ. ಹಗಲು ಹೊತ್ತು ಅವರು ಲಿಫ್ಟ್ ಮೆಕ್ಯಾನಿಕ್. ಯಾವ ಲಿಫ್ಟೂ ಗೊತ್ತುಮಾಡಿದ ವೇಗ ಮೀರದಂತೆ ನೋಡಿಕೊಳ್ಳುವುದಕ್ಕೆ ಸಂಬಳ ತೆಗೆದುಕೊಳ್ಳುತ್ತಾರೆ, ಮನೆಗೆ ಬಂದು ಸೇಡು ತೀರಿಸಿಕೊಳ್ಳುತ್ತಾರೆ.

"ಇಷ್ಟೊಂದು ಓಡಿಸಿ ಏನು ಮಾಡ್ತೀರಿ?" ಎಂದು ಒಮ್ಮೆ ಕೇಳಿದ್ದೆ.

"ಓಡ್ತಿದೆಯಾ ಅಂತ ನೋಡ್ತೀನಿ."

ಇಂಥ ಉತ್ತರ ಕೊಡುವವರ ಜೊತೆ ಜಗಳವಾಡುವುದೂ ಕಷ್ಟ.

ಆ ಕೋಣೆಯಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರುತ್ತಿದ್ದದ್ದು ಒಂದೇ ಒಂದು ಕಂಪ್ಯೂಟರ್ ಪೆಟ್ಟಿಗೆ. ಅದರಲ್ಲಿ ಹಳೆಯ ಚೆಸ್ ಆಟವೊಂದಿತ್ತು. ನಮ್ಮಪ್ಪ ಪ್ರತಿ ಶನಿವಾರ ಬಂದು ಅದನ್ನು ಸೋಲಿಸಿ ಹೋಗುತ್ತಿದ್ದರು. ಅಪ್ಪ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಾಗಿದ್ದವರು. ಈ ಊರಿನ ಅರ್ಧ ಜನ ಅವರ ಬೈಗುಳ ತಿಂದೇ ಸ್ಟೀರಿಂಗ್ ಹಿಡಿದದ್ದು. ನಿವೃತ್ತರಾದ ಮೇಲೆ ಬೈಯಲು ಯಾರೂ ಸಿಗದೆ, ತಾವಿರುವ ನನ್ನ ಅಣ್ಣನ ಮನೆಯಿಂದ ತಮ್ಮ ಕಾರನ್ನು ತಾವೇ ಓಡಿಸಿಕೊಂಡು ಬಂದು ಕಂಪ್ಯೂಟರಿಗೆ ಬೈಯುತ್ತ ಆಡುತ್ತಿದ್ದರು. ಅವರ ಆಟದ ಮಟ್ಟ ಎಂದೂ ಬದಲಾದದ್ದಿಲ್ಲ: ಕಂಪ್ಯೂಟರು ಒಂದೊಂದು ನಡೆಗೂ ಹತ್ತು ಸೆಕೆಂಡು ಯೋಚಿಸಬೇಕು. ಅಪ್ಪ ಗೆದ್ದರೆ ಆ ವಾರವೆಲ್ಲ ಅಣ್ಣನ ಮನೆಯಲ್ಲಿ ಶಾಂತಿ. ಅವರು ಹೊರಟ ಕೂಡಲೇ ಅತ್ತಿಗೆ ನನಗೆ ಫೋನು ಮಾಡಿ, "ಗೆದ್ರಾ?" ಎಂದು ವಿಚಾರಿಸಿಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಶನಿವಾರದಿಂದ ಅಪ್ಪ ಸೋಲತೊಡಗಿದರು.

ಮೊದಲ ವಾರ ಕುರ್ಚಿ ಸರಿಯಿಲ್ಲ ಎಂದರು. ಮರುವಾರ ತಪ್ಪನ್ನು ಕನ್ನಡಕದ ಮೇಲೆ ಹಾಕಿದರು. ಆಮೇಲಾಮೇಲೆ ಬೈಯುವುದನ್ನೇ ಬಿಟ್ಟರು. ನನಗೆ ಹೆದರಿಕೆಯಾದದ್ದು ಆಗಲೇ. ನಾನು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಒಂದು ಮಧ್ಯಾಹ್ನ ಅಪ್ಪ ಅಂಗಡಿಗೇ ಬಂದರು. ಗಿರಾಕಿಗಳೆಲ್ಲ ಹೋಗುವವರೆಗೆ ಕೆಮ್ಮಿನ ಔಷಧಿಯ ಬಾಟಲಿಗಳನ್ನು ನೋಡುತ್ತ ನಿಂತಿದ್ದು, ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು.

"ನೆನಪಿನ ಶಕ್ತಿಗೆ ಏನೋ ಮಾತ್ರೆ ಬರುತ್ತಂತಲ್ಲ. ಕೆಲಸ ಮಾಡುತ್ತಾ ಅದು?"

"ಯಾರಿಗಪ್ಪಾ?"

"ಪರಿಚಯದವರೊಬ್ಬರಿಗೆ."

ಆ ಪರಿಚಯದವರು ಯಾರೆಂದು ನನಗೆ ತಿಳಿಯದೆ ಏನು. ಅಪ್ಪನೂ ನಾಟಕ ಮುಂದುವರಿಸಲಿಲ್ಲ. ಜೇಬಿನಿಂದ ಕಾರಿನ ಕೀಲಿ ತೆಗೆದು ಕೌಂಟರಿನ ಮೇಲಿಟ್ಟರು.

"ಗಾಡಿ ಹೊರಗಿದೆ. ನೀನೇ ಇಟ್ಕೊ. ತಲೆ ಮೊದಲಿನ ಹಾಗೆ ಓಡ್ತಿಲ್ಲ ಕಣಮ್ಮ. ಆ ಡಬ್ಬದ ಮುಂದೆ ಸೋತ್ರೆ ಹೋಗ್ಲಿ. ರಸ್ತೇಲಿ ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ?"

ಹೀಗೆಂದು ಬಸ್ಸು ಹತ್ತಿ ಹೋದರು. ನಾನು ಒಳಗೆ ಹೋಗಿ ಮಾತ್ರೆಯ ಡಬ್ಬಗಳ ನಡುವೆ ನಿಂತು ಅತ್ತುಬಿಟ್ಟೆ. ನೆನಪಿನ ಮಾತ್ರೆ ನಾನು ದಿನವೂ ಮಾರುತ್ತೇನೆ. ಅದರಿಂದ ಏನೂ ಆಗುವುದಿಲ್ಲ ಎಂದೂ ನನಗೆ ಗೊತ್ತು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವರು ಯಾವುದೋ ಪೆಟ್ಟಿಗೆಯ ಮುಚ್ಚಳ ಬಿಚ್ಚುತ್ತಿದ್ದವರು ಹಾಗೇ ನಿಂತರು.

"ಮಾವ ಯಾವಾಗಿಂದ ಸೋಲ್ತಿದಾರೆ?"

"ಎರಡು ತಿಂಗಳಾಯ್ತು. ಡಬ್ಬದೊಳಗೆ ತಲೆ ತೂರಿಸಿಕೊಂಡು ಕೂತ್ರೆ ಮನುಷ್ಯರ ಸಮಾಚಾರ ಎಲ್ಲಿ ಗೊತ್ತಾಗುತ್ತೆ?"

ಸ್ಕ್ರೂಡ್ರೈವರ್ ಕೆಳಗಿಟ್ಟರು. ಥೇಟ್ ಸಿಕ್ಕಿಬಿದ್ದ ಕಳ್ಳನ ಮುಖ.

"ಆಗಲೇ ಕಣೇ ನಾನು ಅದರ ಚಿಪ್ ಬದಲಾಯಿಸಿದ್ದು. ಹೊಸದನ್ನೂ ಓವರ್‌ಕ್ಲಾಕ್ ಮಾಡ್ದೆ, ಅಂದ್ರೆ ಅದರ ಮಿತಿಗಿಂತ ಜೋರಾಗಿ ಓಡಿಸ್ದೆ. ಅರವತ್ತಾರು ಮೆಗಾಹರ್ಟ್ಸ್ ಇದ್ದ ವೇಗ ಈಗ ನೂರ ಅರವತ್ತು."

"ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಮಗೆ?"

"ಯಾರಾದ್ರೂ ತಾವಾಗೇ ಗಮನಿಸ್ತಾರೇನೋ ಅಂತ ಕಾಯ್ತಿದ್ದೆ."

ಗಮನಿಸುವುದು ಹೇಗೆ? ಆ ಆಟ ಮೊದಲೂ ಹತ್ತು ಸೆಕೆಂಡು ಯೋಚಿಸುತ್ತಿತ್ತು, ಈಗಲೂ ಹತ್ತೇ ಸೆಕೆಂಡು. ಎದುರು ಕೂತವರಿಗೆ ಒಂದಿಷ್ಟೂ ವ್ಯತ್ಯಾಸ ಕಾಣದು. ಒಳಗೆ ಮಾತ್ರ ಅದೇ ಹತ್ತು ಸೆಕೆಂಡಿನಲ್ಲಿ ಅದು ಮೊದಲಿನ ಎರಡು ಪಟ್ಟಿಗೂ ಹೆಚ್ಚು ನಡೆಗಳನ್ನು ಲೆಕ್ಕ ಹಾಕುತ್ತಿತ್ತು. ನನ್ನ ಗಂಡನ ಮಹಾಸಾಧನೆಯ ಬಿಸಿ ಭೂಮಿಯ ಮೇಲೆ ತಟ್ಟಿದ್ದು ಒಬ್ಬರೇ ಒಬ್ಬರಿಗೆ. ಅವರು ಅದನ್ನು ತಮ್ಮ ತಲೆಯ ದೋಷ ಎಂದುಕೊಂಡರು.

ಶನಿವಾರ ಅಪ್ಪನನ್ನು ಬಲವಂತದಿಂದ ಕರೆತಂದು ಕೂರಿಸಿದೆವು. ಇವರು ತಪ್ಪೊಪ್ಪಿಕೊಂಡರು. ಅಪ್ಪ ಸೊಪ್ಪು ಹಾಕಲಿಲ್ಲ.

"ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡಿ ಅಳಿಯಂದ್ರೇ. ಆಗಲೂ ಹತ್ತು ಸೆಕೆಂಡು, ಈಗಲೂ ಹತ್ತು. ಗಾಡಿ ಸ್ಪೀಡಾದ್ರೆ ಬೇಗ ತಲುಪಬೇಕಲ್ವಾ?"

ನನ್ನ ಗಂಡ ಪೆಟ್ಟಿಗೆ ಬಿಚ್ಚಿ, ಅವರ ಕಣ್ಣೆದುರೇ ಹೊಸ ಚಿಪ್ ಕಿತ್ತು ಹಳೆಯದನ್ನು ಕೂರಿಸಿದರು. ವೇಗವನ್ನು ನಿಗದಿ ಮಾಡುವ ಜಂಪರ್ ಎಂಬ ಪುಟ್ಟ ಪ್ಲಾಸ್ಟಿಕ್ ತುಂಡನ್ನು ಮೊದಲಿದ್ದ ಜಾಗಕ್ಕೇ ಹಾಕಿದರು. "ಈಗ ಆಡಿ ಮಾವ. ಇದು ನೀವು ಸೋಲಿಸ್ತಿದ್ದ ಕಂಪ್ಯೂಟರೇ."

ಅಪ್ಪನ ಮುಖದಲ್ಲಿ ಸ್ವಲ್ಪ ಕಳೆ ಬಂತು. ಕುರ್ಚಿ ಎಳೆದುಕೊಂಡು ಕೂತು ಆಡಿದರು.

ಸೋತರು.

ಎರಡು ತಿಂಗಳ ಭಯ ಅವರ ಧೈರ್ಯ ತಿಂದಿತ್ತೋ, ಅಥವಾ ಅಪ್ಪ ಹೇಳಿದ್ದೇ ನಿಜವೋ, ನನಗೆ ತಿಳಿಯಲಿಲ್ಲ. ಈಗಲೂ ತಿಳಿಯದು.

"ಅಯ್ಯೋ, ಇನ್ನೊಂದು ಜಂಪರ್ ಬದಲಾಯಿಸೋದು ಮರೆತೆ ಮಾವ," ಎಂದರು ನನ್ನ ಗಂಡ. "ಇನ್ನೂ ಸ್ಪೀಡಲ್ಲೇ ಇದೆ. ಮುಂದಿನ ವಾರ ಸರಿ ಮಾಡಿರ್ತೀನಿ."

ಅವರು ಹೆಂಡತಿಯ ಹುಟ್ಟಿದ ದಿನ ಮರೆಯುವವರು, ಜಂಪರ್ ಮರೆಯುವವರಲ್ಲ. ಅವರ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಮದುವೆಯಾದ ಮೇಲೆ ಅದೇ ಮೊದಲಿರಬೇಕು.

ಆ ವಾರವೆಲ್ಲ ಅವರು ಹಿಂದಿನ ಕೋಣೆಯಲ್ಲಿ ಕೂತು, ಜನ್ಮದಲ್ಲಿ ಮಾಡದ ಕೆಲಸ ಮಾಡಿದರು. ಕಂಪ್ಯೂಟರನ್ನು ಇನ್ನಷ್ಟು ನಿಧಾನ ಮಾಡುವ ಉಪಾಯ ಹೇಳಿ ಎಂದು ತಮ್ಮಂಥ ಹವ್ಯಾಸಿಗಳ ಗುಂಪಿನಲ್ಲಿ ಕೇಳಿದರಂತೆ. ಒಬ್ಬರು ಗಾಬರಿಯಿಂದ ಫೋನು ಮಾಡಿ ಆರೋಗ್ಯ ವಿಚಾರಿಸಿದರು.

ಮುಂದಿನ ಶನಿವಾರ ಅಪ್ಪ ಗೆದ್ದರು. ಗೆದ್ದರು ಎಂದರೆ, ಕಾಫಿ ಆರುವುದರೊಳಗೆ ಆಟ ಮುಗಿಯಿತು. ನನ್ನ ಗಂಡ ಚಪ್ಪಾಳೆ ತಟ್ಟಿದರು. "ನೋಡಿದ್ರಾ ಮಾವ, ನಿಮ್ಮ ತಲೆಗೇನೂ ಆಗಿಲ್ಲ." ಅಪ್ಪ ಮೀಸೆಯಡಿಯಲ್ಲಿ ನಕ್ಕು ಅಳಿಯನ ಬೆನ್ನು ತಟ್ಟಿದರು. ನಾನು ಅತ್ತಿಗೆಗೆ ಫೋನು ಮಾಡಿ ಗೆದ್ದ ಸುದ್ದಿ ಹೇಳಿದೆ.

ಹೊರಡುವಾಗ ಕಾರಿನ ಕೀಲಿಯನ್ನು ಅಪ್ಪನ ಮುಂದೆ ಹಿಡಿದೆ. ಅಪ್ಪ ಅದನ್ನು ಮುಟ್ಟದೆ, ಕಾರಿನ ಆಚೆ ಬದಿಗೆ ಹೋಗಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು.

"ನೀನೇ ಓಡಿಸು."

ಮುಖ್ಯರಸ್ತೆಗೆ ಬಂದೆವು.

"ಕಲಿಯೋರು ತಾವೇ ಗಾಡಿ ನಿಲ್ಸಿದ್ವಿ ಅಂದ್ಕೊಳ್ಲಿ ಅಂತ, ಪಕ್ಕದಲ್ಲಿ ಕೂತು ಗೊತ್ತಾಗದ ಹಾಗೆ ನನ್ನ ಕಡೆ ಇದ್ದ ಇನ್ನೊಂದು ಬ್ರೇಕ್ ಒತ್ತಿ ಸಂಬಳ ತಗೊಂಡವನು ನಾನು," ಎಂದರು. "ನನಗೇ ಯಾರಾದ್ರೂ ಒತ್ತಿದ್ರೆ ಗೊತ್ತಾಗಲ್ವಾ?"

ರಸ್ತೆ ಮಂಜಾಗಿ ಕಂಡಿತು.

"ಅಳಿಯಂದ್ರಿಗೆ ನೊಂದ್ಕೋಬೇಡಿ ಅಂತ ಹೇಳು. ಚೆನ್ನಾಗೇ ಮಾಡಿದಾರೆ. ಆದ್ರೆ ಇಷ್ಟು ನಿಧಾನ ಬೇಡ, ಒಂಚೂರು ಜಾಸ್ತಿ ಮಾಡೋಕೆ ಹೇಳು. ಯಾವಾಗ್ಲಾದ್ರೂ ಒಂದ್ಸಲ ನಾನಾಗಿ ಗೆಲ್ಲೋ ಅಷ್ಟು."