ಅಜ್ಜಿ ಸೀರೆಯ ಸಾಲು

ಕಪಾಟಿನ ಬಾಗಿಲು ತೆಗೆದ ದೇವಕಿ ಹಾಗೇ ನಿಂತುಬಿಟ್ಟಳು. ಮಕ್ಕಳ ಪುಸ್ತಕಗಳೆಲ್ಲ ಎತ್ತರದ ಪ್ರಕಾರ, ದೊಡ್ಡದು ಎಡಕ್ಕೆ ಚಿಕ್ಕದು ಬಲಕ್ಕೆ, ಫೋಟೋ ತೆಗೆಯಲು ನಿಲ್ಲಿಸಿದಂತೆ ನಿಂತಿದ್ದವು. ಒಂದೊಂದರ ಮೇಲೂ ಕುಂಕುಮ. ಒಂದರ ಬೆನ್ನಿಗೂ ಬಟ್ಟೆಯ ಪಟ್ಟಿ ಇರಲಿಲ್ಲ. ಅಂಟು ಕಿತ್ತಲ್ಲಿ ಕಾಗದ ಸುಲಿದು ಬೆಳ್ಳಗಾಗಿತ್ತು.

ಹಬ್ಬಕ್ಕೆ ಕಾನಸೂರಿನ ತವರಿಗೆ ಹೋಗಿದ್ದವಳು ಮಂಚಿಕೇರಿಯಲ್ಲಿ ಬಸ್ಸಿಳಿದು, ಮನೆಗೂ ಹೋಗದೆ ತಾನು ನೋಡಿಕೊಳ್ಳುವ ಗ್ರಂಥಾಲಯಕ್ಕೆ ಬಂದಿದ್ದಳು. ಹೋಗುವಾಗ ಕೀಲಿಯನ್ನು ಶ್ರೀಲಕ್ಷ್ಮಿಯ ಕೈಗೆ ಕೊಟ್ಟವಳೂ ಅವಳೇ. ಊರಿನ ಶಾರದಾ ಪೂಜೆಯ ಉಸ್ತುವಾರಿ ಶ್ರೀಲಕ್ಷ್ಮಿಯದು. ಈ ಸಲ ಗ್ರಂಥಾಲಯದ ಪುಸ್ತಕಗಳನ್ನೂ ಪೂಜೆಗಿಡೋಣ ಎಂದು ಅವಳು ಕೇಳಿದಾಗ ದೇವಕಿಗೆ ಖುಷಿಯೇ ಆಗಿತ್ತು.

ಮೊದಲು ಆ ಪುಸ್ತಕಗಳ ಬೆನ್ನಿಗೆ ನಂಬರುಗಳಿದ್ದವು. ಎರಡನೇ ಮೂರನೇ ಇಯತ್ತೆಯ ಮಕ್ಕಳಿಗೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಸಿಕ್ಕಿದ್ದನ್ನು ಎಳೆದು, ಬೇಡವಾದದ್ದನ್ನು ನೆಲಕ್ಕೆ ಬಿಟ್ಟು ಹೋಗುತ್ತಿದ್ದರು. ಬೈದು ಬೈದು ದೇವಕಿಯ ಗಂಟಲು ಕಟ್ಟಿತೇ ಹೊರತು ಪುಸ್ತಕ ಜಾಗಕ್ಕೆ ಬರಲಿಲ್ಲ. ಕಡೆಗೆ, ಮನೆಯಿಂದ ಒಂದೊಂದು ಹಳೇ ಬಟ್ಟೆ ತನ್ನಿ ಎಂದಳು. ಹರಿದ ಕೊಡೆಯ ಕರಿ ಬಟ್ಟೆ ದೆವ್ವದ ಕತೆಗಳಿಗೆ. ಯಾರದೋ ಅಂಗಿಯ ನೀಲಿ ತುಂಡು ಆಕಾಶ ನಕ್ಷತ್ರಗಳಿಗೆ. ಕೂಲಿಗೆ ಹೋಗುವ ದ್ಯಾವಮ್ಮನ ಹಳದಿ ಹೂವಿನ ಸೀರೆ ಹುಲಿ ಚಿರತೆಗಳಿಗೆ. ಮೈದಾ ಅಂಟು ಕಾಯಿಸಿ ಮಕ್ಕಳೇ ಅಂಟಿಸಿದರು. ಅಲ್ಲಿಂದ ಮುಂದೆ ಅಕ್ಷರ ಕೂಡಿಸಲು ಬಾರದ ಮಗುವೂ ತನಗೆ ಬೇಕಾದ್ದನ್ನು ತಾನೇ ಹುಡುಕಿಕೊಂಡು, ಓದಿ, ಅಲ್ಲೇ ಇಟ್ಟು ಹೋಗತೊಡಗಿತು.

ದ್ಯಾವಮ್ಮನ ಮೊಮ್ಮಗಳು ರಕ್ಷಿತಾ ಅಲ್ಲಿಯ ತನಕ ಬಾಗಿಲ ಹೊರಗೇ ನಿಂತು ಇಣುಕಿ ಹೋಗುತ್ತಿದ್ದ ಹುಡುಗಿ. ಅಜ್ಜಿಯ ಸೀರೆ ಕಪಾಟು ಏರಿದ ಮೇಲೆ ಅವಳ ನಡಿಗೆಯೇ ಬೇರೆಯಾಯಿತು. ಹುಲಿ ಬೇಕೆಂದವರನ್ನು ಕೈ ಹಿಡಿದು ಕರೆದೊಯ್ದು, ಇದು ನಮ್ಮಜ್ಜಿ ಸಾಲು, ಹಾಳೆ ಮಡಚಿದರೆ ನೋಡು ಎಂದು ಜಬರದಸ್ತು ಮಾಡುತ್ತಿದ್ದಳು. ಆ ಹುಡುಗಿ ಇನ್ನು ಹೊಸಿಲು ದಾಟುತ್ತಾಳೋ ಇಲ್ಲವೋ. ದೇವಕಿ ಕಪಾಟಿನ ಮುಂದೆ ನಿಂತುಬಿಟ್ಟದ್ದು ಅದಕ್ಕೇ.

ಚೀಲವನ್ನು ಮೇಜಿನ ಮೇಲೆ ಎಸೆದು ಸೀದಾ ಶ್ರೀಲಕ್ಷ್ಮಿಯ ಮನೆಗೆ ಹೋದಳು. ಶ್ರೀಲಕ್ಷ್ಮಿ ಪೂಜೆಯ ತಟ್ಟೆಗಳನ್ನು ಒರೆಸುತ್ತಿದ್ದವಳು ಆಸ್ರಿಗೆ ಎಂತ ಬೇಕು, ಚಾವೋ ಮಜ್ಜಿಗೆಯೋ ಎಂದು ವಿಚಾರಿಸಿದಳು. ದೇವಕಿ ಕೂರಲಿಲ್ಲ.

"ಪಟ್ಟಿ ಎಂತಕ್ಕೆ ಕಿತ್ತೆ?"

"ಯಾರ್ಯಾರೋ ಉಟ್ಟು ಹರಿದ ಬಟ್ಟೆ ಅದು. ಶಾರದೆ ಎದ್ರಿಗೆ ಹ್ಯಾಂಗೆ ಇಡದು? ನಿಂಗೂ ಇದ್ನ ಬಿಡ್ಸಿ ಹೇಳವ?"

"ಮಕ್ಕ ಇನ್ನು ಎಂತ ನೋಡ್ಕಂಡು ಪುಸ್ತಕ ಹುಡ್ಕವು?"

"ಅಕ್ಷರ ಕಲ್ತು ಹುಡ್ಕಲಿ. ಎಲ್ಲ ಸೇರಿ ಎಷ್ಟು ಚಂದ ಜೋಡ್ಸಿಟ್ಟಿದ್ಯ, ಅದು ಕಾಣ್ತಿಲ್ಯ ನಿಂಗೆ?"

"ಅದು ನಿನ್ನ ರೇಷ್ಮೆ ಸೀರೆ ಚೂರಾಗಿದ್ರೆ ಶಾರದೆ ತಲೆ ಮೇಲೇ ಇಡ್ತಿದ್ದೆ ನೀನು."

ಶ್ರೀಲಕ್ಷ್ಮಿಗೆ ಸಿಟ್ಟು ಬರಲಿಲ್ಲ. ಪಟ್ಟಿಗಳನ್ನೆಲ್ಲ ಪೂಜೆಯ ದಿನವೇ ಅಂಗಳದ ಒಣ ಎಲೆಯ ದರಕಿನ ಜೊತೆ ಸುಟ್ಟಾಯಿತು ಎಂದಳು. ಪ್ರಸಾದಕ್ಕೆ ಬಂದವರೆಲ್ಲ ನೋಡಿದ್ದಾರೆ, ದ್ಯಾವಮ್ಮನೂ ಮೊಮ್ಮಗಳನ್ನು ಕಟ್ಟಿಕೊಂಡು ಅಲ್ಲೇ ನಿಂತಿದ್ದಳು, ಅವಳೇ ಏನೂ ಅನ್ನಲಿಲ್ಲ, ನಡುವೆ ನಿನಗೆ ಯಾಕೆ ಇಷ್ಟು ಉರಿ ಎಂದು ಕೇಳಿದಳು.

ದೇವಕಿ ದಾರಿಯುದ್ದಕ್ಕೂ ಬೈದುಕೊಂಡೇ ಬಂದಳು. ಬೈಗುಳದಲ್ಲಿ ಅರ್ಧ ತನಗೇ. ಶ್ರೀಲಕ್ಷ್ಮಿಯ ಮಡಿ ಎಂಥದ್ದೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ, ತಾನೂ ಅದೇ ಮಡಿಯಲ್ಲಿ ಬೆಳೆದವಳು. ಕೀಲಿ ಕೊಡುವಾಗ, ಪಟ್ಟಿ ಮುಟ್ಟಬೇಡ ಎಂಬ ಮಾತು ಬಾಯಿಯ ತನಕ ಬಂದಿತ್ತು. ಹಬ್ಬದ ಹೊತ್ತಿನಲ್ಲಿ ತಕರಾರು ಯಾಕೆ ಎಂದು ನುಂಗಿದ್ದಳು.

ಮಧ್ಯಾಹ್ನ ರಕ್ಷಿತಾ ಬಂದಳು. ಬಂದವಳು ಹೊಸಿಲ ಆಚೆಗೇ ನಿಂತಳು. ದೇವಕಿ ಕತ್ತರಿ ತೆಗೆದು ತನ್ನ ಸೆರಗಿನ ತುದಿಯನ್ನು ಕತ್ತರಿಸತೊಡಗಿದಳು.

"ಒಳಗೆ ಬಾ. ಹುಲಿ ಸಾಲಿಗೆ ಬೇರೆ ಪಟ್ಟಿ ಹಾಕುವ."

ಹುಡುಗಿ ಕತ್ತರಿಯನ್ನೇ ನೋಡುತ್ತಿದ್ದಳು. "ಅಕ್ಕೋರೆ, ನಿಮ್ಮ ಸೀರೆಯದಾದ್ರೆ ಸುಡೂದಿಲ್ವಾ?"

ಕತ್ತರಿ ಅರ್ಧಕ್ಕೇ ನಿಂತಿತು. ದೇವಕಿ ಅದನ್ನು ಮೇಜಿನ ಮೇಲಿಟ್ಟಳು. ಕಪಾಟಿನಲ್ಲಿ ಹುಲಿಯ ಪುಸ್ತಕ ಅವಳಿಗೂ ಬೇಗ ಸಿಗಲಿಲ್ಲ. ಹುಡುಕಿ ತಂದು ಚಾಚಿದಳು.

"ಅಜ್ಜಿ ಮುಟ್ಬೇಡ ಅಂತ ಹೇಳಿದಾಳೆ," ಎಂದಳು ರಕ್ಷಿತಾ.

ದೇವಕಿ ಹೊಸಿಲ ಒಳಗೆ ನೆಲದ ಮೇಲೆ ಕೂತು ಪುಸ್ತಕವನ್ನು ಬಿಡಿಸಿ ಹಿಡಿದಳು. ಹುಡುಗಿ ಹೊರಗಿನ ಮೆಟ್ಟಿಲ ಮೇಲೆ ಕೂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದಳು. ಹಳ್ಳದಲ್ಲಿ ನೀರು ಕುಡಿಯುವ ಹುಲಿಯನ್ನು ಬಾಲದಿಂದ ಮೂತಿಯ ತನಕ ನೋಡಿದಳು.

"ತಿರುಗ್ಸಿ," ಎಂದಳು.

ದೇವಕಿ ಹಾಳೆ ತಿರುಗಿಸಿದಳು.