ಜರ್ಮನಿ ಕೂಲಿ

"ಮಡ್ಲು ಒದರಮ್ಮಿ! ನಿಂಗೇನು ಬ್ಯಾರೆ ಏಳ್ಬೇಕಾ, ಕಳ್ ಮುಂಡೆ!"

ಸಾಹುಕಾರ ನಂಜುಂಡಪ್ಪನ ದನಿ ಗುಂಡ್ಲುಪೇಟೆಯ ಈರುಳ್ಳಿ ಮಂಡಿಯ ತಗಡಿನ ಸೂರಿಗೆ ಬಡಿದು ಮರಳಿತು. ಸುಂದ್ರಮ್ಮ ಮಡಿಲು ಬಿಚ್ಚಿ ಒದರಿದಳು. ನಾಲ್ಕು ಈರುಳ್ಳಿ ಸಿಪ್ಪೆ ಉದುರಿದವು. ಅವಳ ಹಿಂದೆ ನಿಂತಿದ್ದ ಮುದುಕಿ ರಾಚಮ್ಮನ ಮಡಿಲಿಂದ ಮಾತ್ರ ಗೋಲಿ ಗಾತ್ರದ ಮೂರು ಈರುಳ್ಳಿ ಬಿದ್ದು ಉರುಳಿದವು.

"ನೋಡ್ರಲಾ ನೋಡಿ! ಬಾಯಲ್ಲಿ ಒಂದ್ ಅಲ್ಲೂ ಇಲ್ಲ, ಚಪಲ ನೋಡು ಇವ್ಳ್ದು!"

ಮೂಟೆ ಹೊರುವವರು ನಕ್ಕರು. ತೂಕ ಬರೆಯುವ ಚಂದ್ರಕುಮಾರ್ ನಗಲಿಲ್ಲ. ತನ್ನ ಚಪ್ಪಲಿಯ ಬಳಿ ಉರುಳಿ ಬಂದಿದ್ದ ಒಂದನ್ನು ಕಾಲಿನಿಂದಲೇ ಮೆಲ್ಲನೆ ಅವಳ ಕಡೆಗೆ ತಳ್ಳಿದ. ರಾಚಮ್ಮ ಅದನ್ನು ಮುಟ್ಟಲಿಲ್ಲ. ಎರಡೂ ಕೈಯಲ್ಲಿ ಸೆರಗು ಹಿಡಿದು ಹಾಗೇ ನಿಂತಿದ್ದಳು.

ಹೋದ ವರ್ಷ ಇದೇ ನಂಜುಂಡಪ್ಪ, "ತಿಪ್ಪಗೆಸಿಯೋ ಬದ್ಲು ನೀವೇ ತಕ್ಕೊಂಡೋಗಿ" ಎಂದು ಗೋಲಿ ಈರುಳ್ಳಿಯನ್ನು ಹೆಂಗಸರ ಮುಂದೆ ಸುರಿಸುತ್ತಿದ್ದ. ಆಗ ಕಿಲೋಗೆ ಆರು ರೂಪಾಯಿ. ಈ ತೊಂಬತ್ತೆಂಟರ ದೀಪಾವಳಿಗೆ ಅದು ನಲವತ್ತಾಗಿತ್ತು. ಆರಿಸುವ ಹೆಂಗಸರ ದಿನಗೂಲಿ ಮಾತ್ರ ಅಂದಿನ ಇಪ್ಪತ್ತೈದರಲ್ಲೇ ನಿಂತಿತ್ತು. ರಾಗಿ, ಎಣ್ಣೆ, ಬೇಳೆ ಯಾವುದೂ ಅವರಿಗಾಗಿ ನಿಂತಿರಲಿಲ್ಲ.

ಮರುದಿನ ಬೆಳಿಗ್ಗೆ ಬೇಗೂರಿನ ಮನೆಯಲ್ಲಿ ಸುಂದ್ರಮ್ಮ ಮುದ್ದೆ ಮುರಿಯುತ್ತಿದ್ದಳು. ಹತ್ತನೇ ತರಗತಿಯ ಮಗಳು ಭಾನು ಹೊಸಿಲ ಮೇಲೆ ಕೂತು ಪರೀಕ್ಷೆಗೆಂದು ಗಟ್ಟಿಯಾಗಿ ಓದುತ್ತಿದ್ದಳು.

"ಯುದ್ಧದಲ್ಲಿ ಸೋತ ಜರ್ಮನಿಯಲ್ಲಿ ಹೊಸದಾಗಿ ಪ್ರಜಾಪ್ರಭುತ್ವ ಬಂದಿತು. ಆದರೆ ಸರ್ಕಾರಗಳು ಒಂದರ ಮೇಲೊಂದು ಬಿದ್ದವು."

"ಜರ್ಮನ್ನಾ? ಈ ತಟ್ಟೆ ಮಾಡೋ ಊರ?" ಸುಂದ್ರಮ್ಮ ತನ್ನ ಜರ್ಮನ್ ಸಿಲ್ವರ್ ತಟ್ಟೆಯನ್ನು ಬೆರಳಿಂದ ತಟ್ಟಿದಳು. "ಅಲ್ಲೂ ನಮ್ ಡೆಲ್ಲಿಯಂಗೇ ವರ್ಸಕ್ಕೊಂದು ಓಟಾ?"

"ಊ ಕಣವ್ವ. ನೋಟಿಗೆ ಬೆಲೆನೇ ಇರ್ಲಿಲ್ವಂತೆ. ಒಂದು ರೊಟ್ಟಿ ತರಕ್ಕೆ ಒಂದ್ ಮಂಕ್ರಿ ನೋಟು ಒತ್ಕೊಂಡೋಗ್ಬೇಕಿತ್ತಂತೆ. ಬೆಳಿಗ್ಗೆ ಕೊಟ್ಟ ಕೂಲಿ ಸಂಜೆಗೆ ಯಾವ್ದಕ್ಕೂ ಸಾಲ್ತಿರ್ಲಿಲ್ವಂತೆ."

ಸುಂದ್ರಮ್ಮನ ಕೈ ತಟ್ಟೆಯಲ್ಲೇ ನಿಂತಿತು. "ಅವ್ರೇನು ದಡ್ರಾ? ನೋಟ್ ಯಾಕ್ ಒತ್ರು? ಕೂಲೀನ ರೊಟ್ಟೀಲೇ ಕೇಳ್ಬೋದಿತ್ತಲ್ಲ."

ಭಾನು ಹಾಳೆ ಮಗುಚಿ ನೋಡಿದಳು. "ಪುಸ್ತಕದಲ್ಲಿ ಅದಿಲ್ಲ ಕಣವ್ವ. ಆಮೇಲೆ ಒಬ್ಬ ಬಂದು ಎಲ್ಲಾ ಸರಿ ಮಾಡ್ತೀನಿ ಅಂತೇಳಿ ಎಲ್ರ ಬಾಯೂ ಮುಚ್ಚಿಸ್ಬುಟ್ಟ ಅಂತದೆ."

ಬಸ್ಸಿನಲ್ಲಿ ಸುಂದ್ರಮ್ಮ ಈ ಕಥೆಯನ್ನು ಜೊತೆಯ ಏಳು ಹೆಂಗಸರಿಗೂ ಹೇಳಿದಳು. ರಾಚಮ್ಮ, "ಮುಂಚೆ ನಮ್ಗೂ ಕೂಲೀನ ಕಾಳಲ್ಲೇ ಅಳೀತಿದ್ರು ಕಣಮ್ಮಿ" ಎಂದಳು. "ರಾಗಿ ಬೆಲೆ ಏರದ್ ವರ್ಸವೇ ಈ ನಂಜುಂಡಪ್ಪೋರ ಅಪ್ಪ ಕಾಸು ಕೊಡಕ್ ಸುರು ಮಾಡುದ್ದು."

ಗುಂಡ್ಲುಪೇಟೆಯಲ್ಲಿ ಇಳಿಯುವ ಹೊತ್ತಿಗೆ ಕೂಲಿಯನ್ನು ಸರಕಲ್ಲೇ ಕೇಳುವ ಆ ಮಾತಿಗೆ ಒಂದು ಹೆಸರು ಬಿದ್ದಿತ್ತು: ಜರ್ಮನಿ ಕೂಲಿ.

ಮಧ್ಯಾಹ್ನದ ಹೊತ್ತಿಗೆ ಮಂಡಿಯಲ್ಲಿ ಮೂರು ರಾಶಿ ಎದ್ದಿದ್ದವು. ದಪ್ಪದ್ದು, ನಡುವಿನದು, ಗೋಲಿ. ಕೊಳೆತದ್ದು ಪಕ್ಕದ ಮಂಕರಿಗಳಲ್ಲಿ. ದಪ್ಪದ್ದನ್ನು ಒಯ್ಯಲು ಕೇರಳದ ಲಾರಿ ಹೊರಗೆ ಕಾಯುತ್ತಿತ್ತು. ಇನ್ನು ಚೀಲಕ್ಕೆ ತುಂಬಿ ಬಾಯಿ ಹೊಲಿಯಬೇಕು. ಹೆಂಗಸರು ಚೀಲ ಮುಟ್ಟಲಿಲ್ಲ.

"ಏನ್ರಮ್ಮಿ, ಮುಹೂರ್ತ ನೋಡ್ತಿದ್ದೀರ?"

ಸುಂದ್ರಮ್ಮ ಎದ್ದಳು. "ನಂಜುಂಡಪ್ಪೋರೆ, ನಮ್ಗೆ ಜರ್ಮನಿ ಕೂಲಿ ಕೊಡಿ."

ಒಡೆಯರಿಗೆ ಹೇಳುವಂತೆ ಸದಾ 'ಬುದ್ಧಿ' ಎನ್ನುತ್ತಿದ್ದ ಬಾಯಲ್ಲಿ ತನ್ನ ಹೆಸರು ಬಂದದ್ದಕ್ಕೋ, ಅದರ ಮುಂದಿನ ಮಾತಿಗೋ, ಅವನು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ.

"ಯಾವ್ದಮ್ಮಿ ಅದು? ಯಾವ್ ಪಾರ್ಟಿಯೋನು ಏಳ್ಕೊಟ್ಟ?"

"ಯಾರೂ ಏಳ್ಕೊಟ್ಟಿಲ್ಲ. ಕಾಸು ನೀವೇ ಮಡಿಕಳಿ. ಕೂಲಿ ಮಾತಾಡ್ದಾಗ ಇಪ್ಪತ್ತೈದ್ರುಪಾಯ್ಗೆ ನಾಕು ಕೆಜಿ ಬತ್ತಿತ್ತು. ದಿನಾ ಆ ನಾಕು ಕೆಜಿ ಈರುಳ್ಳೀನೇ ತೂಗ್ಬುಡಿ."

ನಂಜುಂಡಪ್ಪ ನಕ್ಕ. "ಕೇಳ್ದೇನ್ಲಾ ಚಂದ್ರ? ಬರ್ಕೊ, ಇವ್ಳ್ಗೆ ದಿನಕ್ಕೆ ನೂರರವತ್ತು! ತಾಸೀಲ್ದಾರ್‌ಗಿಂತ ಜಾಸ್ತಿ!"

"ಲೆಕ್ಕ ಸರಿಯಾಗೇ ಅದೆ ಅಣ್ಣಾ," ಚಂದ್ರಕುಮಾರ್ ಪುಸ್ತಕ ನೋಡುತ್ತಲೇ ಹೇಳಿದ. "ಆವಾಗ ನಾಕು ಕೆಜಿ ಬತ್ತಿತ್ತು."

"ಮುಚ್ಲಾ ಬಾಯ!" ನಂಜುಂಡಪ್ಪನ ಮುಖ ಕೆಂಪೇರಿತು. "ಓಟ್ ಕೊಟ್ಟು ಕೆಡಿಸ್ಬುಟ್ರು ಇವ್ರ್ನ. ಮೂರ್ ಕಾಸಿನ್ ಗೌರ್ಮೆಂಟು, ಇವತ್ತದೆ ನಾಳೆ ಇಲ್ಲ. ಈ ದೇಶಕ್ಕೆ ಚಾಟಿ ಇಡ್ಕೊಂಡು ಒಬ್ಬ ಬರ್ಬೇಕು, ಒಬ್ಬೇ ಒಬ್ಬ! ಆಗ ನಿಮ್ ತಿಕ ಎಲ್ಲಿರ್ಬೇಕೋ ಅಲ್ಲಿರ್ತದೆ. ತುಂಬ್ರೇ, ಸೂಳೇರಾ! ಇಲ್ದಿದ್ರೆ ನಾಳೆಯಿಂದ ಗೇಟ್ ಒಳಕ್ಕೆ ಕಾಲಿಡ್ಬ್ಯಾಡಿ."

ನಾಳೆ ಒಲೆ ಹೊತ್ತುವುದು ಈ ಗೇಟಿನಿಂದಲೇ. ಅದು ಎಂಟು ಜನಕ್ಕೂ ಗೊತ್ತಿತ್ತು. ಭಾನುವಿನ ಪರೀಕ್ಷೆ ಫೀಜು ಇನ್ನೂ ಕಟ್ಟಿಲ್ಲ ಎಂಬುದು ಸುಂದ್ರಮ್ಮನಿಗೆ ಗೊತ್ತಿತ್ತು. ಅವಳು ಬಗ್ಗಿ ಗೋಲಿ ರಾಶಿಯಿಂದ ಒಂದು ಮಂಕರಿ ತುಂಬಿ ಎತ್ತಿದಳು. ಚೀಲಕ್ಕೆ ತುಂಬಲೇ ಹೊರಟಳೆಂದು ನಂಜುಂಡಪ್ಪ ಮತ್ತೆ ಎಲೆಯಡಿಕೆ ಅಗಿಯತೊಡಗಿದ.

ಸುಂದ್ರಮ್ಮ ಅದನ್ನು ದಪ್ಪ ಈರುಳ್ಳಿಯ ರಾಶಿಯ ನೆತ್ತಿಗೆ ಸುರಿದಳು.

"ಏಯ್! ಏಯ್!"

ರಾಚಮ್ಮ ಕೊಳೆತದ್ದರ ಮಂಕರಿಯನ್ನು ದರದರ ಎಳೆದು ತಂದಳು. ಎತ್ತಲಾಗಲಿಲ್ಲ. ಪಕ್ಕದಲ್ಲಿದ್ದ ನಾಗಮಣಿ ಮಂಕರಿಯ ಇನ್ನೊಂದು ಕಿವಿ ಹಿಡಿದಳು. ಇಬ್ಬರೂ ಸೇರಿ ಅದನ್ನೂ ಅದರ ಮೇಲೇ ಬೋರಲು ಹಾಕಿದರು. ಉಳಿದವರು ನಡುವಿನ ರಾಶಿಯನ್ನೂ ಮಿಕ್ಕ ಗೋಲಿಯನ್ನೂ ಕೈಯಿಂದ, ಕಾಲಿಂದ, ಮೊರದಿಂದ ಅದರೊಳಕ್ಕೇ ನೂಕಿದರು. ಎರಡು ದಿನ ಬೆನ್ನು ಬಗ್ಗಿಸಿ ಬೇರೆ ಮಾಡಿದ್ದೆಲ್ಲ ಎರಡು ನಿಮಿಷದಲ್ಲಿ ಒಂದೇ ಗುಡ್ಡೆಯಾಯಿತು.

ನಂಜುಂಡಪ್ಪ ಕೈಯೆತ್ತಿ ನುಗ್ಗಿದ. ಕಾಲಡಿಯ ಕೊಳೆತ ಈರುಳ್ಳಿ ಜಾರಿ ಮಂಡಿಯೂರಿದ. ಮೂಟೆ ಹೊರುವವರು ಈ ಸಲ ನಗಲಿಲ್ಲ, ಎತ್ತಲೂ ಬರಲಿಲ್ಲ.

"ಕರ್ಸಿ ನಿಮ್ ಚಾಟಿಯವನ್ನ," ಎಂದಳು ಸುಂದ್ರಮ್ಮ. "ಬಂದು ಆರುಸ್ಲಿ."

ಎಂಟು ಹೆಂಗಸರೂ ಗುಡ್ಡೆಯ ಸುತ್ತ ಕುಳಿತರು. ಹೊರಗೆ ಲಾರಿ ಹಾರನ್ ಹೊಡೆಯಿತು. ಮತ್ತೊಮ್ಮೆ ಹೊಡೆಯಿತು. ಯಾರೂ ಏಳಲಿಲ್ಲ.