ಇಪ್ಪತ್ತೊಂದು ಕಿಲೋಮೀಟರ್

ಬಲಗಡೆ ಕನ್ನಡಿಯಲ್ಲಿ ಹಳದಿ ಲಾರಿ, ಆಗಲೇ ಚಿಕ್ಕದಾಯಿತು, ಈಗ ಇಲ್ಲ, ಅದನ್ನು ದಾಟಿ ಬಂದದ್ದೇ ತಿಳಿಯಲಿಲ್ಲ, ಈ ಹೊಸ ಬೈಕಿನಲ್ಲಿ ಏನೂ ತಿಳಿಯುವುದಿಲ್ಲ, ಅದೇ ಇದರ ಹೆಚ್ಚುಗಾರಿಕೆ — ಶೋರೂಮಿನವನು ಹೇಳಿದ್ದೂ ಅದನ್ನೇ, ಸಾರ್ ನೂರರಲ್ಲಿ ಹೋದ್ರೂ ಸೋಫಾ ಮೇಲೆ ಕೂತ ಹಾಗಿರುತ್ತೆ, ಹಿಂದೆ ಮೇಡಂ ಆರಾಮಾಗಿ ನಿದ್ದೆ ಮಾಡ್ಬಹುದು. ಮಾಡುತ್ತಿದ್ದಾಳೋ ಏನೋ. ನಿದ್ದೆಯೂ ಇಲ್ಲ, ಮಣ್ಣೂ ಇಲ್ಲ, ಮುಖ ಊದಿಸಿಕೊಂಡು ಕೂತಿದ್ದಾಳೆ. ಪೆಟ್ರೋಲ್ ಬಂಕಿನಿಂದ ಇಲ್ಲಿಯವರೆಗೆ ಹೆಲ್ಮೆಟ್ಟಿನ ಮೈಕಿನಲ್ಲಿ ನಾನೊಬ್ಬನೇ ವಟವಟ, ಆ ನೀರಿನ ಟ್ಯಾಂಕ್ ನೋಡು, ಆ ಕುದುರೆ ನೋಡು, ಬೆನ್ನಿಗೆ ಹಿತವಾಗಿದೆ ತಾನೆ, ಅವಳಿಂದ ಹೂಂ ಇಲ್ಲ, ಉಹೂಂ ಇಲ್ಲ. ಹಳೇ ಚಿಕ್ಕ ಗಾಡಿಯಾಗಿದ್ದರೆ ಇಷ್ಟರಲ್ಲಿ ಸೊಂಟಕ್ಕೆ ಒಂದು ತಿವಿತ ಬಿದ್ದಿರುತ್ತಿತ್ತು, ಅದರಲ್ಲಿ ಅವಳು ಚೀಲವನ್ನು ಎಡ ಭುಜದಿಂದ ಬಲ ಭುಜಕ್ಕೆ ಹಾಕಿದರೂ ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು, ಇದರಲ್ಲಿ ಅವಳಿಗೆ ಬೇರೆ ಒರಗು, ಬೇರೆ ಹಿಡಿಕೆ, ನನ್ನನ್ನು ಹಿಡಿದುಕೊಳ್ಳಬೇಕಾದ ಕರ್ಮವೇ ಇಲ್ಲ.

ಬೆಳಿಗ್ಗೆ ಷೆಡ್ಡಿನ ಬಾಗಿಲು ತೆಗೆದಾಗಲೇ ಕೆಟ್ಟಿತು. ಅಲ್ಲಿ ನಿಂತಿರಬೇಕಾದ ಚಿಕ್ಕ ಗಾಡಿ ಇಲ್ಲ, ಅದನ್ನು ನಾನು ಮೂರು ದಿನದ ಹಿಂದೆಯೇ ಮೆಕ್ಯಾನಿಕ್ಕಿಗೆ ಮಾರಿ ಕೊಟ್ಟುಬಿಟ್ಟಿದ್ದೆ, ಹೇಳೋಣ ಹೇಳೋಣ ಅಂತ ಇದ್ದೆ, ಹೇಳಲಿಲ್ಲ. ಅದನ್ನ ಕೊಟ್ಬಿಟ್ರಾ, ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ. ಅವಳು ಕೂಗಲಿಲ್ಲ, ಕೂಗಿದ್ದರೆ ಚೆನ್ನಾಗಿತ್ತು. ಹದಿನಾರು ವರ್ಷ ಅದರ ಹಿಂದೆ ಕೂತವಳು, ಮಗಳು ಹುಟ್ಟುವ ಹಿಂದಿನ ದಿನವೂ ಅದರ ಮೇಲೇ ಆಸ್ಪತ್ರೆಗೆ ಹೋದವಳು, ಕೇಳಬೇಕಿತ್ತು, ಹೌದಪ್ಪಾ ಕೇಳಬೇಕಿತ್ತು, ಆದರೆ ಕೇಳಿದ್ದರೆ ಬೇಡ ಅನ್ನುತ್ತಿದ್ದಳು, ಅದಕ್ಕೇ ಕೇಳಲಿಲ್ಲ. ಇದೊಂದು ಸಲ ಬರ್ತೀನಿ, ಅಂದಳು, ಸರಿ ಹೋಗ್ಲಿಲ್ಲ ಅಂದ್ರೆ ಇದರ ಮೇಲೆ ಮತ್ತೆ ಕೂರಲ್ಲ, ಆಮೇಲೆ ನೀವುಂಟು ನಿಮ್ಮ ಗಾಡಿಯುಂಟು. ಕ್ಲಿನಿಕ್ಕಿನಲ್ಲಿ ಎರಡು ವರ್ಷದಿಂದ ರಜೆ ಹಾಕದೆ ಚೀಟಿ ಬರೆಯುತ್ತ ಕೂತವಳು ಈ ಪ್ರವಾಸಕ್ಕೆಂದು ನಾಲ್ಕು ದಿನ ಕೇಳಿ ತೆಗೆದುಕೊಂಡಿದ್ದಾಳೆ. ಹಾಳು ಮಾಡಬಾರದು. ಏನೇ ಆಗಲಿ ಈ ನಾಲ್ಕು ದಿನ ಹಾಳಾಗಬಾರದು, ಹೇಳಿಬಿಡಬೇಕು, ಮುಖ ನೋಡದೆ ಹೇಳುವುದು ಸುಲಭ, ಮೈಕು ಇರುವುದು ಇದಕ್ಕೇ ಇರಬೇಕು. ಹೇಳಿದೆ. ಕೇಳ್ದೆ ಕೊಟ್ಟಿದ್ದು ನಂದು ತಪ್ಪಾಯ್ತು ಕಣೇ. ಮದುವೆಯಾದ ಮೇಲೆ ಮೊದಲನೇ ಸಲ, ತಪ್ಪಾಯ್ತು ಎಂಬ ಮಾತು, ಕಿವಿಯೆಲ್ಲ ಬಿಸಿಯಾಯಿತು, ಕಾದೆ — ಒಂದು ತಿರುವು, ಇನ್ನೊಂದು ತಿರುವು, ಏನಿಲ್ಲ. ಇಷ್ಟು ಗಟ್ಟಿ ಮನಸ್ಸಾ ಇವಳದು, ನನಗೂ ಸಿಟ್ಟು ಬಂತು, ಹೋಗಲಿ, ಊದಿಸಿಕೊಂಡೇ ಇರಲಿ.

ಮುಂದೆ ಪೇಟೆ, ಕೆಂಪು ದೀಪ, ನಿಲ್ಲಿಸಿ ಎರಡೂ ಕಾಲೂರಿದೆ, ಪಕ್ಕದಲ್ಲಿ ಟೈಲ್ಸ್ ಅಂಗಡಿ, ಆಳುದ್ದದ ಗಾಜು, ಗಾಜಿನಲ್ಲಿ ದೊಡ್ಡ ಗಾಡಿ, ಆಹಾ ಎಷ್ಟು ಚೆನ್ನಾಗಿದೆ, ಅದರ ಮೇಲೆ ಹೆಲ್ಮೆಟ್ ಹಾಕಿದ ಒಬ್ಬ ಗಂಡಸು, ಅವನ ಹಿಂದೆ ನೆಟ್ಟಗೆ ನಿಂತ ಒರಗು, ಒರಗಿನ ಮುಂದೆ ಕಪ್ಪು ಸೀಟು, ಬರೀ ಸೀಟು. ಒಂದು ಕ್ಷಣ ಅದು ನಾನಲ್ಲ ಅಂದುಕೊಂಡೆ. ಕೈ ಹಿಂದಕ್ಕೆ ಹಾಕಿದೆ, ಬಿಸಿಲಿಗೆ ಕಾದ ರೆಕ್ಸಿನ್. ಬಿದ್ದಳಾ. ಎಲ್ಲಿ ಬಿದ್ದಳು, ಬಿದ್ದರೆ ತಿಳಿಯುವುದಿಲ್ಲವಾ, ಇಲ್ಲ ಇಲ್ಲ, ಬಂಕು — ಹಣ ಕೊಟ್ಟು ಕೂತೆ, ಹಿಂದೆ ಅವಳು ಕಾಲಿಟ್ಟಳು, ಗಾಡಿ ಒಮ್ಮೆ ತಗ್ಗಿತು, ಕೂತಳು ಅಂದುಕೊಂಡು ಹೊರಟೆ, ತಗ್ಗಿದ್ದು ಮತ್ತೆ ಎದ್ದಿತಾ, ಏನೋ ಮರೆತು ಇಳಿದಿರಬೇಕು. ಇಳಿದಿದ್ದರೆ ಮೈಕಿನಲ್ಲಿ ಹೇಳಬೇಕಿತ್ತಲ್ಲ. ಹೇಳೇ, ಹೇಳೇ, ಅಂತ ಹೆಲ್ಮೆಟ್ಟಿನ ಎಡಗಡೆಯ ಗುಂಡಿ ತಿರುಗಿಸಲು ಹೋದೆ, ಗುಂಡಿ ಸೊನ್ನೆಯಲ್ಲಿತ್ತು.

ನಾನೇ. ಬೆಳಿಗ್ಗೆ ಮನೆ ಬಿಟ್ಟು ಹತ್ತು ನಿಮಿಷಕ್ಕೆ ನಾನೇ ಅವಳ ದನಿಯನ್ನು ಸೊನ್ನೆಗೆ ತಂದಿದ್ದೆ, ಅವಳು ಚಿಕ್ಕ ಗಾಡಿಯ ವಿಷಯ ಬಿಡುತ್ತಲೇ ಇರಲಿಲ್ಲ, ಸ್ವಲ್ಪ ತಣ್ಣಗಾಗಲಿ ಆಮೇಲೆ ಏರಿಸೋಣ ಅಂತ, ಮರೆತೆ. ಈಗ ಪೂರ್ತಿ ಏರಿಸಿದರೆ ಬರೀ ಗೊರ್ ಎಂಬ ಸದ್ದು. ಇದು ಒಂದು ಕಿಲೋಮೀಟರ್ ಕೇಳಿಸುತ್ತದೆ ಅಂದಿದ್ದ ಶೋರೂಮಿನವನು. ಹಾಗಾದರೆ ಒಂದು ಕಿಲೋಮೀಟರ್ ಅವಳು ನನ್ನ ದನಿ ಕೇಳಿದ್ದಾಳೆ, ನೀರಿನ ಟ್ಯಾಂಕ್ ನೋಡು, ಬೆನ್ನಿಗೆ ಹಿತವಾಗಿದೆ ತಾನೆ — ಬಂಕಿನಲ್ಲಿ ನಿಂತುಕೊಂಡು ಕೇಳಿದ್ದಾಳೆ, ಅಯ್ಯೋ ದೇವರೇ, ತಪ್ಪಾಯ್ತು ಅಂದದ್ದು ಮಾತ್ರ ಕೇಳಿಸಿರುವುದಿಲ್ಲ. ಅವಳ ಫೋನು ಇಲ್ಲೇ, ಪಕ್ಕದ ಪೆಟ್ಟಿಗೆಯಲ್ಲಿ, ಅವಳ ಚೀಲದಲ್ಲಿ. ಮೀಟರ್ ನೋಡಿದೆ, ಬಂಕಿನಲ್ಲಿ ಸೊನ್ನೆ ಮಾಡಿದ್ದೆ, ಇಪ್ಪತ್ತೊಂದು. ದಿನಾ ಅಂಗಡಿ ಅಂಗಡಿಗೆ ಹೋಗಿ ತೂಕದ ಯಂತ್ರ ರಿಪೇರಿ ಮಾಡುವವನು ನಾನು, ಹತ್ತು ಗ್ರಾಂ ಹೆಚ್ಚುಕಮ್ಮಿಯಾದರೆ ಅಂಗೈಯಲ್ಲೇ ಹೇಳುವವನು, ಐವತ್ತೆಂಟು ಕಿಲೋ ಹೆಂಡತಿ ಹಿಂದೆ ಇಲ್ಲದ್ದು ಗೊತ್ತಾಗಲಿಲ್ಲ.

ತಿರುಗಿಸುವುದೇ ಒಂದು ರಾಮಾಯಣ, ಚಿಕ್ಕ ಗಾಡಿಯಾದರೆ ಒಂದು ಕಾಲೂರಿ ಗಿರಕ್ ಅಂತ ತಿರುಗುತ್ತಿತ್ತು, ಈ ಎಮ್ಮೆಯನ್ನು ಮುಂದೆ ಹಿಂದೆ ಮುಂದೆ ಹಿಂದೆ ತಳ್ಳಿ, ಬಸ್ಸಿನವನ ಹಾರ್ನ್, ಬೈಗುಳ, ಬೈ ಮಾರಾಯ ಬೈ, ನಾನು ಮಾಡಿದ್ದೆಲ್ಲ ಗೊತ್ತಾದರೆ ಇನ್ನೂ ಬೈತೀಯ. ಅದೇ ರಸ್ತೆ, ಅದೇ ಕುದುರೆ, ಕುದುರೆಯನ್ನು ನೋಡುವ ಮನಸ್ಸಿಲ್ಲ. ಏನು ಹೇಳಲಿ. ನಿಜ ಹೇಳಿದರೆ, ನಿನ್ನ ಬಾಯಿ ಮುಚ್ಚಿಸಿ ಇಟ್ಟಿದ್ದೆ ಅಂದ ಹಾಗಾಗುತ್ತದೆ, ಅಷ್ಟೇ ಮುಗಿಯಿತು, ಅವಳು ಬಸ್ಸು ಹತ್ತುತ್ತಾಳೆ, ನಾಲ್ಕು ದಿನವಲ್ಲ, ಎಂದೆಂದಿಗೂ ಹಿಂದೆ ಕೂರುವುದಿಲ್ಲ. ಬ್ಯಾಟರಿ ಹೋಗಿತ್ತು ಅನ್ನಬಹುದು. ಬ್ಯಾಟರಿ ಯಾರಿಗಾದರೂ ಹೋಗುತ್ತದೆ. ಮತ್ತೆ ಗಾಜು ಕಣ್ಣ ಮುಂದೆ, ನೆಟ್ಟಗಿನ ಒರಗು, ಖಾಲಿ ಸೀಟು, ಬಾಯಿ ಆಡಿಸುತ್ತ ಹೋಗುವ ಗಂಡಸು, ಥೂ.

ಬಂಕು. ಗಾಳಿ ತುಂಬುವ ಜಾಗದ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಾಳೆ, ತೊಡೆಯ ಮೇಲೆ ಹೆಲ್ಮೆಟ್, ಅದರ ಮೇಲೆ ಎರಡು ಕೈಗವಸು — ಒಂದನ್ನು ಪಂಪಿನ ಕಟ್ಟೆಯ ಮೇಲೆ ಮರೆತಿದ್ದಳಂತೆ, ತರಲು ಇಳಿದಳಂತೆ. ಹತ್ತಿರ ಹೋದೆ, ಕಣ್ಣು ಕೆಂಪಗಿದೆ, ಅತ್ತಿದ್ದಾಳೆ. ಒಂದ್ನಿಮಿಷ ಅಂದೆ ರೀ, ಇಳಿದಿದ್ದೀನಿ ಅಂದೆ, ಎಷ್ಟು ಸಲ ಅಂದೆ, ನೀವು ಟ್ಯಾಂಕ್ ನೋಡು ಅಂತಿದ್ರಿ, ನನ್ನ ಮಾತು ಕೇಳಿಸ್ಲೇ ಇಲ್ವಾ. ಬಾಯಿ ತೆರೆದೆ, ನಿಜವೇ ಬರುತ್ತದೆ ಅಂದುಕೊಂಡೆ, ಬಂದದ್ದು — ಬ್ಯಾಟರಿ ಹೋಗಿತ್ತು ಕಣೇ. ಅವಳು ನನ್ನನ್ನೇ ನೋಡಿದಳು, ಕಣ್ಣೊರೆಸಿಕೊಂಡಳು, ಹೋಗ್ಲಿ ಬಿಡಿ, ಬ್ಯಾಟರಿಗೆ ನೀವೇನು ಮಾಡ್ತೀರಿ, ಅಂದಳು. ನಂಬಿದಳು. ಉಳಿಯಿತು, ಎಲ್ಲ ಉಳಿಯಿತು, ಹೆಲ್ಮೆಟ್ ಹಾಕಿಕೊಂಡಳು, ನಾನು ಮೊದಲು ಕೂತು ಎರಡು ಕಾಲು ಗಟ್ಟಿಯಾಗಿ ಊರಿದೆ, ಗಾಡಿ ತಗ್ಗಿತು, ಈ ಸಲ ಏಳಲಿಲ್ಲ, ಕೀಲಿ ತಿರುಗಿಸಿದೆ, ಆಗ ಎಡಗಿವಿಯಲ್ಲಿ, ನಾನೇ ಪೂರ್ತಿ ಏರಿಸಿಟ್ಟ ದನಿಯಲ್ಲಿ, ಅವಳ ಉಸಿರು ಸಮೇತ, ಸ್ಪಷ್ಟವಾಗಿ —

ಈಗ ಕೇಳಿಸ್ತಿದೆಯಾ?

ಹೂಂ ಅಂದರೆ, ಹೋಗಿದ್ದ ಬ್ಯಾಟರಿ ಈಗ ಹೇಗೆ ಬಂತು. ಸುಮ್ಮನಿದ್ದರೆ, ಎಲ್ಲಿಯವರೆಗೆ, ನಾಲ್ಕು ದಿನವಾ. ರೀ, ಕೇಳಿಸ್ತಿದೆಯಾ. ಕೈ ಕ್ಲಚ್ಚಿನ ಮೇಲಿದೆ, ಹಿಂದೆ ಅವಳಿದ್ದಾಳೆ, ಇದ್ದಾಳೆ, ಆದರೂ ಕಣ್ಣ ಮುಂದೆ ಅದೇ ಅಂಗಡಿ ಗಾಜು, ಗಾಜಿನಲ್ಲಿ ನೆಟ್ಟಗಿನ ಒರಗು, ಒರಗಿನ ಮುಂದೆ ಸೀಟು, ಬರೀ ಸೀಟು